ಮಟ್ಟು

ಅಶೋಕ ಟಾಕೀಸಿನ ಗೇಟು ಬಿದ್ದಿತ್ತು.
ಗೂಡ್ಸು ಗಾಡಿ. ಡಬ್ಬಿ ಎಣಿಸುತ್ತ ನಿಂತಿದ್ದೆ,
ಮೂವತ್ತೊಂದಕ್ಕೆ ಲೆಕ್ಕ ತಪ್ಪಿತು:
ಪಕ್ಕದ ಆಟೋದೊಳಗೆ ನನ್ನ ಮಟ್ಟು.

ಹೊಸ ಸಿನಿಮಾದ ಅಂಗಿ ತೊಡಿಸಿದ್ದರು,
ಗಿಟಾರು, ಯಾವುದೋ ಹುಡುಗಿಯ ನಿಟ್ಟುಸಿರು.
ಕಳುವಾದ ಎಮ್ಮೆಗೆ ಎಷ್ಟು ಎಣ್ಣೆ ಬಳಿದರೂ
ಸಂತೆಯಲ್ಲಿ ಕೊಂಬಿನ ಡೊಂಕು ಹೇಳುತ್ತದಲ್ಲ, ಹಾಗೆ
ಮೂರನೇ ಸಾಲಿನ ತುದಿಗೆ ಬಂದು
ಹಾಡು ಮೂರು ಮಾತ್ರೆ ಸುಮ್ಮನಾಯಿತು.

"ಸ್ವರ ಏಳೇ ಅಲ್ಲೇನ್ರಿ ಭಜಂತ್ರಿ, ಜನ ಎಷ್ಟು?"
ವಕೀಲ ಕೊಟ್ರಗೌಡರು ಪೆನ್ನಿನ ಮುಚ್ಚಳ ಕಚ್ಚಿದರು.
ಸ್ವರ ಬಿಡಿ ಸ್ವಾಮಿ, ಸ್ವರ ಯಾರಪ್ಪಂದೂ ಅಲ್ಲ.
ಆ ಸುಮ್ಮನಿರುವುದು? ಅದೆಲ್ಲಿಂದ ಬಂತು ಅವರಿಗೆ?
ಗಿಡ ಕಿತ್ತವನ ಕೈಗೆ ಬುಡದ ಮಣ್ಣೂ ಬಂದಿದೆ, ನೋಡಿ.
ಕ್ಯಾಸೆಟ್ಟು ಮೇಜಿನ ಮೇಲಿಟ್ಟೆ:
ದುಗ್ಗಮ್ಮನ ಮೇಲೆ ಎಂಟು ಹಾಡು, ತೊಂಬತ್ತಾರು,
ಬಿ ಸೈಡಿನ ಎರಡನೆಯದು.
ಸಂಗೀತ: ಡಿ. ಭಜಂತ್ರಿ.
"ಇದಕ್ಕೂ ಮುಂಚೆ ಎಲ್ಲಿತ್ತು?"
ತಲೆಯಲ್ಲಿತ್ತು, ಅಂದೆ.
ಅವರು ಬರೆದುಕೊಂಡರು.

ಅಪ್ಪ ನಾಟಕ ಕಂಪನಿಯಲ್ಲಿ ಕಾಲ್ಪೆಟ್ಟಿಗೆ ತುಳಿದವನು.
ಅವನ ಪುಸ್ತಕದಲ್ಲಿ ಪ್ರತಿ ಪದದ ನೆತ್ತಿಗೂ
ಕೆಂಪು ಶಾಯಿಯ ಒಂದು ಗೆರೆ.
ಮಟ್ಟು: ಮೀರಜಿನ ಟಾಂಗಾದವನದು.
ಮಟ್ಟು: ಹರಪನಹಳ್ಳಿ ಬೀಸೋ ಪದ, ಎರಡು ಕಡೆ ತಿರುವಿದ್ದೇನೆ.
ಮಟ್ಟು: ಗೊತ್ತಿಲ್ಲ, ರೈಲಿನಲ್ಲಿ ಕೇಳಿದ್ದು.
ಒಂದು ಕಡೆ ಮಾತ್ರ: ಮಟ್ಟು ನಂದೇ.
ಮುಂದೆ ಸಣ್ಣಕ್ಷರದಲ್ಲಿ, ಇರಬೇಕು.

ನನ್ನ ಕ್ಯಾಸೆಟ್ಟಿನ ಕಾಗದ ಅಂಗೈಯಷ್ಟು.
ಜಾಗ ಇರಲಿಲ್ಲ ಎಂದುಕೊಂಡಿದ್ದೆ ಇಷ್ಟು ವರ್ಷ.
ಕಂಪನಿಯ ವಿಳಾಸಕ್ಕೆ ಜಾಗವಿತ್ತು,
ನನ್ನ ಹೆಸರಿನ ಸುತ್ತ ಹೂಬಳ್ಳಿಗೂ ಇತ್ತು.

ಮಂಡಕ್ಕಿ ಭಟ್ಟಿ ಸಾಲಿನಲ್ಲಿ ಚಮನ್‌ಬೀ.
ಆಗ ಬ್ಯಾಂಡಿನ ಮದುವೆ ಮುಗಿಸಿ ಬೆಳಗಿನ ಜಾವ
ಕ್ಲಾರಿಯೋನೆಟ್ಟು ಬಗಲಿಗಿಟ್ಟು ಅಲ್ಲಿ ಚಹಾ ಕುಡಿಯುತ್ತಿದ್ದೆ.
ಬಾಂಡ್ಲಿಯಲ್ಲಿ ಕಾದ ಮರಳು, ಅವಳ ಬಾಯಲ್ಲಿ ಮೂರು ಸಾಲು,
ಆಮೇಲೆ ಹಿಡಿ ಅಕ್ಕಿ ಚೆಲ್ಲಿ ಬಾಯಿ ಮುಚ್ಚುವಳು.
ಆ ಮೂರು ಮಾತ್ರೆಯೊಳಗೆ ಅಕ್ಕಿ ಅರಳುತ್ತಿತ್ತು.
ಸದ್ದು ಮಾಡಿಕೊಂಡು, ಬಿಳಿಯಾಗಿ.
ಆಮೇಲೆ ಜರಡಿ, ಆಮೇಲೆ ಮತ್ತೆ ಸಾಲು.

ನಾನು ಅಲ್ಲಿ ಕೈಗಂಟೆ ತುಂಬಿಸಿದ್ದೆ.
ಸಿನಿಮಾದವರು ಏನನ್ನೂ ತುಂಬಿಸಿಲ್ಲ.
ಯಾಕೆ ಸುಮ್ಮನಾದೆವೆಂದು ಆ ಪ್ರೇಮಿಗಳಿಗೂ ಗೊತ್ತಿರಲಿಕ್ಕಿಲ್ಲ.

ನಿನ್ನೆ ಹೋಗಿದ್ದೆ.
ಮೊಮ್ಮಗನದು ಈಗ ಮಷೀನು; ಅವಳು ಚೀಲದ ಬಾಯಿ ಹೊಲಿಯುತ್ತಾಳೆ.
ನಿಮ್ಮ ಪದ ಕದ್ದೆ, ಎಂದು ಹೇಳಲು ಬಾಯಿ ಬರದೆ
ಹಾಡಿ ತೋರಿಸಿದೆ. ಹೊಗೆ ತಿಂದ ಕಣ್ಣು ಕಿರಿದು ಮಾಡಿ ಕೇಳಿದಳು.
"ಪದ ಎಲ್ಲಿದಪ್ಪ? ಅದು ಲೆಕ್ಕ.
ಮಂಡಕ್ಕಿ ಸೀದು ಹೋಗಬಾರದು ಅಂತ
ನಮ್ಮತ್ತೆ ಎಣಿಸ್ತಿದ್ರು, ನಾನೂ ಎಣಿಸ್ದೆ."
ಸ್ವಲ್ಪ ತಡೆದು,
"ಬ್ಯಾಂಡಿನ ದುರುಗಪ್ಪ ಅಲ್ಲೇನು ನೀನು?
ಖಾರ ಮಂಡಕ್ಕೀದು ಹನ್ನೆರಡು ರೂಪಾಯಿ ಬಾಕಿ ಐತಿ."

ಇಪ್ಪತ್ತರ ನೋಟು ಕೊಟ್ಟೆ.
ಎಂಟು ರೂಪಾಯಿ ಎಣಿಸಿ ವಾಪಸು ಕೊಟ್ಟಳು.
ಕ್ಯಾಸೆಟ್ಟಿಗೆ ಮೂರು ಸಾವಿರ ಬಂದಿತ್ತೆಂದು
ನಾನು ಹೇಳಲಿಲ್ಲ. ಅವಳು ಕೇಳಲಿಲ್ಲ.

ರಾತ್ರಿ ಬಾಲ್‌ಪೆನ್ನು ಹಿಡಿದು ಕೂತೆ.
ಮಟ್ಟು: ಚಮನ್‌ಬೀ, ಅವರ ಅತ್ತೆ.
ಅತ್ತೆಯ ಹೆಸರು ಕೇಳಲು ಮರೆತಿದ್ದೆ.
ನುಣುಪು ಕಾಗದ, ಶಾಯಿ ಹಿಡಿಯಲಿಲ್ಲ,
ಒತ್ತಿ ಬರೆದೆ, ಬರೀ ಗೀರು ಬಿತ್ತು.
ದೀಪಕ್ಕೆ ಓರೆ ಹಿಡಿದರೆ ಓದಬಹುದು.

ಬೆಳಿಗ್ಗೆಯಿಂದ ಕೊಟ್ರಗೌಡರ ಫೋನು ಎರಡು ಸಲ.
ನೋಟಿಸು ಸಿದ್ಧವಿದೆಯಂತೆ, ಸಹಿ ಬೇಕಂತೆ.