ಎರಡಾಳೆತ್ತರ

ಲಷ್ಕರ್ ಮೊಹಲ್ಲಾದಲ್ಲಿ ಬಾಗಿಲು ಹಾಕಿದ ಊದುಬತ್ತಿ ಗೋದಾಮು.
ಅದರ ಗೋಡೆಗೆ ಒಂದೇ ಒಂದು ಅಕ್ಷರ ಬರೆಯಬೇಕು ಅಂದಳು ಇಂಚರಾ.
ಅಕ್ಷರಕ್ಕಿಷ್ಟು ಅಂತ ರೇಟು ಹೇಳುವವನು ನಾನು.
ಒಂದಕ್ಕೆ ಎಷ್ಟು ಹೇಳಲಿ?
ಆಳೆತ್ತರ ಅಂದಳು. ಅಲ್ಲ, ಎರಡಾಳೆತ್ತರ.
ಮಡಿಸಿದ ಹಾಳೆ ಬಿಡಿಸಿ ತೋರಿಸಿದಳು:
ೞ.

ಮೂವತ್ತೊಂದು ವರ್ಷ ಬೋರ್ಡು ಬರೆದ ಕೈ ಇದು.
ಮಿಲಿಟರಿ ಹೋಟೆಲು, ಮೂಲವ್ಯಾಧಿ, ಮನೆ ಬಾಡಿಗೆಗಿದೆ,
ಇಲ್ಲಿ ಮೂತ್ರ ಮಾಡುವವನು ಕತ್ತೆ.
ಕತ್ತೆಗೆ ಒತ್ತು ಕೊಡುವಾಗಲೂ ಬ್ರಷ್ಷು ನಡುಗಬಾರದು.
ಮನೆಯಲ್ಲಿ ನಮ್ಮದು ಬೇರೆ ಮಾತು;
ಕನ್ನಡ ನನಗೆ ಬಾಯಿಗಿಂತ ಮೊದಲು ಮಣಿಕಟ್ಟಿಗೆ ಬಂತು.
ಆದರೂ ಇದನ್ನು ಕಂಡಿರಲಿಲ್ಲ.
ಗೊತ್ತಿರುವ ಯಾವುದೋ ಅಕ್ಷರದ
ಗೊತ್ತಿಲ್ಲದ ಚಿಕ್ಕಪ್ಪನ ಹಾಗಿತ್ತು.

ಇದನ್ನು ಏನಂತಾರೆ?
ಅನ್ನುವವರೇ ಇಲ್ಲ, ಅಂದಳು. ಏಳೆಂಟು ನೂರು ವರ್ಷವಾಯ್ತು.
ಬಾಳೆಯಲ್ಲಿತ್ತಂತೆ, ಕೋಳಿಯಲ್ಲಿತ್ತಂತೆ,
ಅಳುವವರ ಅಳುವಿನಲ್ಲಿತ್ತಂತೆ.
ಅಳಿ ಅನ್ನುವ ಮಾತಿನೊಳಗೂ ಇದೇ ಇದ್ದದ್ದಂತೆ.
ಮಾತು ಉಳಿಯಿತು, ಇದು ಅಳಿಯಿತು.

ಬಣ್ಣ?
ಬಿಳಿ.
ಗೋಡೆಯೂ ಬಿಳಿ ಅಲ್ವಾ ತಾಯಿ?
ಹೌದು.

ಡಿಸ್ಟೆಂಪರ್ ಮೇಲೆ ಎನಾಮೆಲ್.
ಎದುರು ನಿಂತರೆ ಖಾಲಿ ಗೋಡೆ.
ನಾಲ್ಕು ಗಂಟೆಯ ಬಿಸಿಲು ಓರೆಯಾಗಿ ಬಿದ್ದಾಗ
ನೀವೂ ಓರೆಯಾಗಿ ನಿಂತರೆ
ಬಸವನಹುಳು ಹೋದ ದಾರಿಯ ಹಾಗೆ ಮಿನುಗುತ್ತದೆ.

ಜನ ಬಂದರು, ಎದುರೇ ನಿಂತರು.
ಒಬ್ಬರು ಮೇಷ್ಟ್ರು ಬಯಲು ಅಂದರು, ಶೂನ್ಯ ಅಂದರು.
ಇನ್ನೊಬ್ಬರು ಫ್ಯಾನಿನ ಸ್ವಿಚ್ಚೇ ಕಲೆ ಅಂದುಕೊಂಡು ಫೋಟೊ ಹಿಡಿದರು.
ಗಂಧ ಮಾತ್ರ ಚೆನ್ನಾಗಿದೆ ಅಂದರು ಎಲ್ಲರೂ.
ಯಾರೂ ಏನೂ ಹಚ್ಚಿರಲಿಲ್ಲ.
ಗಾರೆಯೊಳಗೆ ಇಳಿದ ಹಳೇ ವಾಸನೆ ಅದು;
ಐದು ನಿಮಿಷಕ್ಕೆ ಮೂಗು ಅದನ್ನೂ ಮರೆಯುತ್ತಿತ್ತು.

ಏಳನೇ ದಿನ ಪಕ್ಕದಂಗಡಿಯ ಕೋಯ
ಚಹಾ ತಂದ, ಬಾಳೆಹಣ್ಣಿನ ಬೋಂಡ ತಂದ.
ಪೞಂ ಪೊರಿ, ಬಿಸಿಯಿದೆ, ಅಂದ.
ಇಂಚರಾ ಎತ್ತಿದ ಲೋಟ ತುಟಿಗೆ ಹೋಗಲಿಲ್ಲ.
ಇನ್ನೊಂದ್ಸಲ ಹೇಳಿ.
ಪೞಂ.
ಇನ್ನೊಂದ್ಸಲ.
ಅವನು ಒಲೆ ಮೇಲೆ ಎಣ್ಣೆ ಬಿಟ್ಟು ಬಂದಿದ್ದಾನೆ, ಇವಳು ಬಿಡಳು.

ಕೇಳಿಸ್ತಾ ಚಾಚಾ?
ಕೇಳಿಸ್ತಲ್ಲ, ಪಳಂ.
ಅದಲ್ಲ.
ಪಳಂ.
ಅಲ್ಲ, ಅಲ್ಲ.

ಹನ್ನೆರಡು ವರ್ಷದಿಂದ ಅದನ್ನು ತಿಂದಿದ್ದೇನೆ,
ಒಮ್ಮೆಯೂ ಕೇಳಿಲ್ಲ.
ನನ್ನ ಕಿವಿಯಲ್ಲಿ ಅದಕ್ಕೆ ಬಾಗಿಲಿಲ್ಲ;
ಬಂದರೂ ಳ-ಕಾರದ ಮನೆಗೆ ನುಗ್ಗಿ
ಅಲ್ಲಿಯವರ ಬಟ್ಟೆ ತೊಟ್ಟು ಕೂರುತ್ತದೆ.
ಕೋಯ ಗೋಡೆ ನೋಡಿದ. ಇಲ್ಲೇನೂ ಇಲ್ಲವಲ್ಲ, ಅಂದ.
ನಾನು ಅವನ ಬಾಯಿ ನೋಡಿದೆ.
ಅಲ್ಲೂ ಏನೂ ಇರಲಿಲ್ಲ.

ಪ್ರದರ್ಶನ ಮುಗಿಯಿತು. ಅಳಿಸಿ ಕೊಡಿ ಅಂದರು ಮಾಲೀಕರು.
ಡಿಸ್ಟೆಂಪರ್ ಎರಡು ಕೋಟು ಹೊಡೆದೆ.
ಎನಾಮೆಲ್ ಮೇಲೆ ಡಿಸ್ಟೆಂಪರ್ ಹಿಡಿಯುವುದಿಲ್ಲ,
ಮೊದಲು ಉಪ್ಪುಕಾಗದ ಹಾಕಿ ಉಜ್ಜಬೇಕು.
ಈ ಕಸುಬಿನಲ್ಲಿ ಹುಡುಗರಿಗೂ ಗೊತ್ತಿರುವ ಮಾತು.
ಉಜ್ಜಲಿಲ್ಲ.

ಈಗ ಅದು ಕೊರಿಯರ್ ಗೋದಾಮು.
ಆಷಾಢದ ತೇವಕ್ಕೆ ಗೋಡೆ ಹಕ್ಕಳೆ ಎದ್ದಿದೆ,
ಎರಡಾಳೆತ್ತರ, ಎಂಥದೋ ಆಕಾರ.
ಒಳಗೆ ಪೈಪು ಸೋರುತ್ತಿರಬೇಕು ಅಂತ
ಪ್ಲಂಬರನ್ನು ಕರೆಸಿದ್ದಾರೆ.
ಅವನು ಗೋಡೆಗೆ ಕಿವಿಯಿಟ್ಟು
ಕಣ್ಣು ಮುಚ್ಚಿ ಕೇಳುತ್ತಿದ್ದಾನೆ.