ಅಟ್ಟದ ನೊರೆ

ಬ್ಯಾಂಕಿನವನು ಅಟ್ಟಕ್ಕೆ ತಲೆಯಷ್ಟೇ ತೂರಿಸಿದ,
ಟಾರ್ಚು ಬಿಟ್ಟ, ಇಳಿದ.
ಮನೆಯ ಬೆಲೆ: ಸೊನ್ನೆ.
ಈ ನೊರೆ ಇರುವ ಮಾಡಿಗೆ ಯಾರೂ ಸಾಲ ಕೊಡರು.

ಈಗ ನಾನು, ಮುಖಕ್ಕೆ ಮಾಸ್ಕು, ಮೊಣಕಾಲೂರಿ
ಕೆರೆಯುತ್ತಿದ್ದೇನೆ.
ನೋಡಲು ಗಿಣ್ಣು, ಉಳಿಗೆ ಕಲ್ಲು.

ಕೆಳಗೆ ಏಣಿ ಹಿಡಿದು ಗ್ಲೆನಿಸ್ ಪ್ರೊಥರೋ:
"ಹಾಕಿಸುವಾಗ ನಾಲ್ಕು ಸಾವಿರ ಪೌಂಡು,
ಕೀಳಿಸಲು ಆರು.
ಬೆಚ್ಚಗಿತ್ತಪ್ಪ, ಅದಂತೂ ಸುಳ್ಳಲ್ಲ.
ಕೊನೆಯ ಚಳಿಗಾಲ ಐವರ್
ಸ್ವೆಟರ್ ಬಿಚ್ಚಿ ಕೂತಿದ್ದ."

ಹದಿನಾಲ್ಕನೇ ಚೀಲ.
ಐದನೇ ಪಕಾಸಿನಲ್ಲಿ ಉಳಿ ತಡೆದೆ:
ನೊರೆಯಡಿ ಬಡಗಿಯ ಪೆನ್ಸಿಲ್ ಗೆರೆ,
ಪಕ್ಕದಲ್ಲೊಂದು ಲೆಕ್ಕ.
ಕೂಡಿದ್ದು ತಪ್ಪು, ಏಳು ಹೆಚ್ಚು.
ಆದರೂ ಮಾಡು ನಿಂತಿದೆ
ನೂರ ಹತ್ತು ವರ್ಷ.

ಬೆರಳಿಟ್ಟು ನೋಡಿದೆ. ಒಣ ಮರ, ಗಟ್ಟಿ.
"ಕೊಳೆತಿಲ್ಲ" ಎಂದು ಕೂಗಿದೆ.
ಕೆಳಗಿನಿಂದ ಮಾತಿಲ್ಲ.

ಆಮೇಲೆ ಸ್ಲೇಟು ಹಂಚಿನ ಸಂದಿಯಿಂದ
ಸ್ವಾನ್ಸಿಯ ಕಡಲಗಾಳಿ, ಉಪ್ಪುಪ್ಪು,
ನನ್ನ ಬೆವರು ಮುಟ್ಟಿ
ಏಣಿಯಿಳಿದು ಹೋಯಿತು.

ಅವಳು ಕಾರ್ಡಿಗನ್ ಗುಂಡಿ ಹಾಕಿಕೊಳ್ಳುತ್ತ,
"ಬಂತು ನೋಡು, ಬ್ಯಾಂಕಿಗೆ ಬೇಕಾದ ಚಳಿ"
ಎಂದು
ಚಹಾಕ್ಕಿಡಲು ಹೋದಳು.
ಏಣಿ ಸ್ವಲ್ಪ ಅಲುಗಿತು.