ಕೊನೆಯದಾಗಿ, ಹಾಲೇಶಪ್ಪನವರಿಂದ

ಹತ್ತೊಂಬತ್ತು ವರ್ಷ
ತಿಂಗಳ ಎರಡನೇ ಮತ್ತು ನಾಲ್ಕನೇ ಗುರುವಾರ
ದುರ್ಗಿಗುಡಿಯಲ್ಲಿ, ಬ್ಯಾಂಕಿನ ಮೇಲಿನ ಮಹಡಿಯಲ್ಲಿ,
ಕುರ್ಚಿ ಹಿಂದೆ ಸರಿಯುವ ಸದ್ದಿನ ಮೇಲೆ ಮಾತಾಡಿದವನು ನಾನು.

ವಂದನಾರ್ಪಣೆ ಅಂದರೆ ಹಾಗೇ.
ನಿರೂಪಕಿ 'ಕೊನೆಯದಾಗಿ' ಅನ್ನುತ್ತಿದ್ದಂತೆ
ಜನಕ್ಕೆ ಚಪ್ಪಲಿ ನೆನಪಾಗುತ್ತದೆ,
ಒಗ್ಗರಣೆಯ ವಾಸನೆ ಕಿವಿಗೂ ತಲುಪುತ್ತದೆ,
'ಸಹಕರಿಸಿದ ಎಲ್ಲರಿಗೂ' ಎನ್ನುವ ಹೊತ್ತಿಗೆ
ಎಲ್ಲರೂ ತಟ್ಟೆ ಹಿಡಿದಿರುತ್ತಾರೆ.
ಬೇಜಾರಿಲ್ಲ. ನನ್ನದು ಕನ್ನಡಕದಂಗಡಿ.
ಎದುರು ಕೂತವರು ಕೊನೇ ಸಾಲು ಬಿಟ್ಟು ಓದುವುದು
ನನಗೆ ರೂಢಿ.

ಅತಿಥಿಗಳ ಮಾತನ್ನು ಚೀಟಿಯ ಹಿಂದೆ ಬರೆದುಕೊಳ್ಳುತ್ತಿದ್ದೆ.
ಮುಂದುಗಡೆ ಪ್ಲಸ್ ಒಂದೂವರೆ, ಮೈನಸ್ ಎರಡೂಕಾಲು.
ಒಬ್ಬರಿಗೆ ಒಂದೇ ಸಾಲು, ಅಷ್ಟೇ ಹಿಡಿಯುವುದು.
ಕಿಡ್ನಿ ಡಾಕ್ಟರು: ದಿನಕ್ಕೆ ಮೂರು ಲೀಟರು.
ವೇದಿಕೆಯ ಮೇಲೆ ಅವರಿಗೆ ನೀರಿಡುವುದನ್ನೇ ಮರೆತಿದ್ದೆವು.
ನಿವೃತ್ತ ನ್ಯಾಯಾಧೀಶರು: ನನ್ನದು ಎರಡೇ ಮಾತು.
ಎಪ್ಪತ್ತು ನಿಮಿಷ.
ಮಂಡಗದ್ದೆಯಲ್ಲಿ ಬೆಳ್ಳಕ್ಕಿ ಎಣಿಸುವ ಹುಡುಗಿ:
ಒಂದು ಹಾರಿದ್ರೂ ಮತ್ತೆ ಮೊದಲಿಂದ, ಅಂಕಲ್.
ಅಂಕಲ್ ಅಂದದ್ದನ್ನೂ ಬರೆದುಕೊಂಡಿದ್ದೇನೆ.
ಗಾಜನೂರಿನ ಹಾವು ಹಿಡಿಯುವ ಮೆಹಬೂಬ್ ಸಾಬರು ಬಂದ ದಿನ
ಕ್ರಿಕೆಟ್ ಮ್ಯಾಚಿತ್ತು. ವೇದಿಕೆ ಸೇರಿ ಹನ್ನೊಂದು ಜನ.
ಅವರ ಸಾಲು ಆಮೇಲೆ ಹೇಳುತ್ತೇನೆ.

ಇವತ್ತು ನನಗೇ ಸನ್ಮಾನ,
ಶೇಕಡಾ ನೂರು ಹಾಜರಾತಿಗೆ.
ಕಾರ್ಯದರ್ಶಿ ನಾಗಭೂಷಣ ಓದಿದ ಪರಿಚಯದಲ್ಲಿ
ನನ್ನ ಹೊಳೆಹೊನ್ನೂರು ಹೊನ್ನಾಳಿಯಾಗಿತ್ತು.
ಎರಡರಲ್ಲೂ ಹೊನ್ನಿದೆ ಅಂತ ಸುಮ್ಮನಾದೆ.
ಪೇಟ ಬಿಗಿ. ಶಾಲು ನುಣುಪು, ನಿಲ್ಲುವುದಿಲ್ಲ.
ಹಣ್ಣಿನ ಬುಟ್ಟಿಯ ಪ್ಲಾಸ್ಟಿಕ್ಕಿನೊಳಗೆ
ಸೇಬಿಗೆ ಸೇಬು ಒತ್ತಿಕೊಂಡು ಕೂತಿದ್ದವು,
ನೂತನ ಪದಾಧಿಕಾರಿಗಳ ಹಾಗೆ.
ಫಲಕದಲ್ಲಿ ಬಂಗಾರದ ಅಕ್ಷರ:
ಹಾಳೇಶಪ್ಪ.
ಹಾಲು ಹಾಳಾಗಿತ್ತು,
ಊರಿಗೆಲ್ಲ ಸಣ್ಣಕ್ಷರ ಕಾಣಿಸಿದವನ ಹೆಸರಿನಲ್ಲಿ.
ಹೆಬ್ಬೆರಳನ್ನು ಸರಿಯಾಗಿ ಆ ಅಕ್ಷರದ ಮೇಲಿಟ್ಟು
ಫೋಟೋಗೆ ನಕ್ಕೆ.
ನಾಳೆ ಪತ್ರಿಕೆಯಲ್ಲಿ
ಮೊದಲು ಹಾ, ನಡುವೆ ಉಗುರು, ಆಮೇಲೆ ಶಪ್ಪ.

ಆಮೇಲೊಂದು ಮೌನ.
ಅಧ್ಯಕ್ಷೆ ಪುಷ್ಪಲತಾ ಮೇಡಂ ನಿರೂಪಕಿಯ ಮುಖ ನೋಡಿದರು.
ನಿರೂಪಕಿ ಹಾಳೆ ತಿರುವಿದಳು, ಮತ್ತೊಮ್ಮೆ ತಿರುವಿದಳು.
ಇಬ್ಬರೂ ನನ್ನ ಕಡೆ ತಿರುಗಿದರು.
ಕೊನೆಯದಾಗಿ.
ಸನ್ಮಾನ ನನಗಾದರೆ ವಂದಿಸುವವರು ಯಾರೆಂದು
ಯಾರೂ ಯೋಚಿಸಿರಲಿಲ್ಲ. ನಾನೂ.

ಪೇಟದಲ್ಲೇ ಎದ್ದೆ. ಮೈಕು ಹಿಡಿದೆ.
ಕುರ್ಚಿಗಳ ಸದ್ದಿಗೆ ಕಾದೆ.
ಇಲ್ಲ.
ಕೆಳಗೆ ಅಡುಗೆಯವರ ಸಿಲಿಂಡರು ಖಾಲಿಯಾಗಿ
ಇನ್ನೊಂದು ವಿನೋಬನಗರದಿಂದ
ಸ್ಕೂಟರಿನವನ ಕಾಲ ಬಳಿ ಕೂತು ಬರುತ್ತಿತ್ತಂತೆ.
ಅರವತ್ತು ಜನ, ನೂರಿಪ್ಪತ್ತು ಕಣ್ಣು,
ಅರ್ಧಕ್ಕರ್ಧ ನಾನೇ ಕೂರಿಸಿದ ಗಾಜಿನ ಹಿಂದೆ,
ನನ್ನನ್ನೇ ನೋಡುತ್ತಿದ್ದವು.
ನಾಗಭೂಷಣನ ಎಡಗಣ್ಣಿನ ಪವರು ಬದಲಾಗಿದೆ. ಹೇಳಬೇಕು.

ಜಾಗ ಕೊಟ್ಟ ಬ್ಯಾಂಕಿಗೆ, ಮೈಕಿನವರಿಗೆ,
ಪತ್ರಿಕಾ ಮಿತ್ರರಿಗೆ, ಕೊನೆಯಲ್ಲಿ ನಿಮಗೆಲ್ಲ.
ಪಟ್ಟಿ ಮುಗಿಯಿತು. ಜನ ಇನ್ನೂ ಇದ್ದರು.
ಕೇಳುವವರಿಗೆ ಏನು ಹೇಳುವುದು?
ಇದು ನನಗೆ ಅಭ್ಯಾಸವಿಲ್ಲದ್ದು.

ಆಗ ಮೆಹಬೂಬ್ ಸಾಬರು ನೆನಪಾದರು,
ಹನ್ನೊಂದು ಜನಕ್ಕೆ ಅವರು ಹೇಳಿದ್ದು:
'ಹಿಡಿಯೋದು ಏನಿಲ್ಲ ಸಾರ್, ಯಾರು ಬೇಕಾದ್ರೂ ಹಿಡೀತಾರೆ.
ಕಾಡಿಗೆ ತಗಂಡೋಗಿ ಬಿಡ್ತೀವಲ್ಲ, ಆಗ ನೋಡಿ.
ನಂಗೆ ಮೂರು ಸಲ ಕಚ್ಚಿದ್ದೂ ಬಿಡುವಾಗ.'
ಅದನ್ನೇ ಹೇಳಿದೆ, ಅವರದೇ ದನಿಯಲ್ಲಿ,
ಎಡಗೈ ಹೇಗೆ ಹಿಂದಕ್ಕೆ ಬರಬೇಕೆಂದು ತೋರಿಸಿ.
ಶಾಲು ಜಾರಿತು. ಯಾರೂ ನಗಲಿಲ್ಲ.
ಮೂರನೇ ಸಾಲಿನಲ್ಲಿ ಒಬ್ಬರು
ಪೆನ್ನಿಗೆ ಜೇಬು ತಡಕುತ್ತಿದ್ದರು.

ಕೆಳಗೆ ಸ್ಕೂಟರು ಬಂದು ನಿಂತ ಸದ್ದು.
ಹಿಂದೆಲ್ಲೋ ಒಂದು ಕುರ್ಚಿ ಸರಿಯಿತು.
ಮೈಕು ಇನ್ನೂ ನನ್ನ ಕೈಯಲ್ಲಿತ್ತು,
ಬೆಚ್ಚಗೆ.